ವೈದ್ಯನು ಕೈಬಿಟ್ಟ ಮೇಲೆ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿಗೆ ಮೂಡಣದ ಎಲ್ಲೆಯಾಗಿ ಹರಿಯುವ ತುಂಗಭದ್ರೆಯನ್ನು ಮೇಡ್ಲೇರಿಯ ಸೀಮೆಯ ಜನರು ‘ಹೊಳಿ’ ಎಂದಷ್ಟೇ ಕರೆಯುವರು. ಹತ್ತಿ, ಜೋಳ, ಗೋವಿನಜೋಳಗಳ ಹೊಲಗಳನ್ನೂ ಕುರಿಹಿಂಡುಗಳ ಹಾದಿಗಳನ್ನೂ ದಾಟಿ ಆ ಹೊಳೆಯ ಗುಂಟ ಸಾಗಿದವನಿಗೆ, ಈಚೆಯ ತಡಿಯಲ್ಲಿ ಅಂಬಿಗರ ಚೌಡಯ್ಯನ ಹೆಸರನ್ನು ಇಂದಿಗೂ ಹೊತ್ತ ಚೌಡಯ್ಯದಾನಪುರವೂ, ಆಚೆಯ ತಡಿಯಲ್ಲಿ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರಿಂದ ಕಲಾಪ್ರಿಯರಿಗೆ ಪರಿಚಿತವಾದ ಹೂವಿನಹಡಗಲಿ ತಾಲೂಕಿನ ಕುರುವತ್ತಿಯೂ ಕಾಣಸಿಗುತ್ತವೆ. ಆಂಗ್ಲರ ಕಾಲದಲ್ಲಿ ಈ ನೀರು ಎರಡು ಇಲಾಖೆಗಳ ಗಡಿಯಾಗಿದ್ದಿತು. ಮೇಡ್ಲೇರಿ ಧಾರವಾಡ ಜಿಲ್ಲೆಯ ಮೂಲಕ ಮುಂಬಯಿಗೂ, ಕುರುವತ್ತಿ ಬಳ್ಳಾರಿ ಜಿಲ್ಲೆಯ ಮೂಲಕ ಮದರಾಸಿಗೂ ಸೇರಿದ್ದುವು. ಗುಣವಾಗದ ರೋಗಕ್ಕೆ ತುತ್ತಾದ ಮನುಷ್ಯನು ತನ್ನ ಬಾಳನ್ನು ತಾನೇ ಮುಗಿಸಿಕೊಳ್ಳಲು ಹೊರಡುವುದನ್ನೂ, ಅವನನ್ನು ಹಿಂದಕ್ಕೆ ಕರೆತರುವ ಬಗೆಯನ್ನು ಸಮಾಜವು ಮೆಲ್ಲಮೆಲ್ಲನೆ ಕಲಿತುದನ್ನೂ ಕುರಿತ ಚರಿತ್ರೆಯನ್ನು ಕನ್ನಡನಾಡಿನಲ್ಲಿ ಎಲ್ಲಿಂದ ಆರಂಭಿಸಬೇಕೆಂದು ಯಾರಾದರೂ ಕೇಳಿದರೆ, ಹೊಳೆಯ ಈ ಭಾಗದಿಂದಲೇ ಎಂದು ನಾನು ಹೇಳುವೆನು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು, ಆಹವಮಲ್ಲನೆಂಬ ಬಿರುದಿನಿಂದ ಪ್ರಖ್ಯಾತನಾದವನು, 1042ರಿಂದ ರಾಜ್ಯವನ್ನಾಳಿ, ರಾಜಧಾನಿಯನ್ನು ಕಲ್ಯಾಣದಲ್ಲಿ ನೆಲೆಗೊಳಿಸಿ, ಚೋಳರೊಡನೆ ಮೇಲಿಂದ ಮೇಲೆ ಕಾದಾಡಿ, ಶಕವರ್ಷ 990ರ ಕೀಲಕ ಸಂವತ್ಸರದ ಚೈತ್ರ ಬಹುಳದಲ್ಲಿ, ಎಂದರೆ 1068ರ ಮಾರ್ಚ್ ತಿಂಗಳ ಕೊನೆಯಲ್ಲಿ, ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ದೇಹವನ್ನು ತೊರೆದನು. ಶಾಸನವು ಇದನ್ನು ಪರಮಯೋಗವೆಂದು ಕೊಂಡಾಡುತ್ತದೆ. ಅವನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಕಾಶ್ಮೀರದ ಕವಿ ಬಿಲ್ಹಣನು ಮಾತ್ರ ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ಅದರ ಹಿನ್ನೆಲೆಯನ್ನು ವಿವರಿಸಿದ್ದಾನೆ: ಅರಸನಿಗೆ ದಾಹಜ್ವರ ತಗಲಿತು, ಯಾವ ಔಷಧಿಯೂ ಫಲಿಸಲಿಲ್ಲ, ಮಂತ್ರಿಗಳು ಅವನ ನಿರ್ಧಾರಕ್ಕೆ ಸಮ್ಮತಿಸಿದರು, ಮಗನು ಆಗ ದಂಡಯಾತ್ರೆಯಲ್ಲಿದ್ದು ಸುದ್ದಿಯನ್ನು ತಡವಾಗಿ ಕೇಳಿದನು. ಅರಸನ ವ್ಯಾಧಿ ಅರ್ಬುದ, ಎಂದರೆ ಕ್ಯಾನ್ಸರ್, ಆಗಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ, ನಾನೂ ಹೇಳುತ್ತಿಲ್ಲ. ನನ್ನ ಲಕ್ಷ್ಯವು ಆ ಪ್ರಸಂಗದ ಅನುಕ್ರಮದ ಮೇಲಿದೆ. ಅದಕ್ಕೆ ಮುನ್ನ ತಾನೇ ಕರೆದ ಯುದ್ಧಕ್ಕೆ ಆಹವಮಲ್ಲನು ಬಾರದೆಹೋದುದನ್ನು ಚೋಳ ವೀರರಾಜೇಂದ್ರನ ಶಾಸನವು ಹೇಡಿತನವೆಂದು ಹಳಿಯಿತು. ವಿದ್ವಾಂಸರು ಅದಕ್ಕೆ ಈ ಅನಾರೋಗ್ಯವೇ ಕಾರಣವಿರಬಹುದೆಂದು ಊಹಿಸಿದ್ದಾರೆ. ಶತ್ರುವಿನ ಶಾಸನ ಅವನನ್ನು ಅಣಕಿಸಿತು, ತನ್ನವರ ಶಾಸನ ಸ್ತುತಿಸಿತು. ರೋಗಿಯು ಜ್ವರದ ರಾತ್ರಿಗಳನ್ನು ಹೇಗೆ ಕಳೆದನೆಂಬುದನ್ನು ಎರಡೂ ಕಲ್ಲುಗಳು ಬರೆದಿಡಲಿಲ್ಲ.

ಅರಸನ ಈ ಮರಣವನ್ನು ಅಂದಿನವರು ಹೇಯವೆಂದು ಎಣಿಸದಿರುವುದಕ್ಕೆ ಶಾಸ್ತ್ರದ ಆಧಾರವಿದ್ದಿತು. ಸಾಮಾನ್ಯ ನಿಯಮವಾದರೋ ಕಠೋರವಾದುದು: ಕೌಟಿಲ್ಯನು ಆತ್ಮಹತ್ಯೆಗೈದವರ ದೇಹವನ್ನು ಹಗ್ಗದಿಂದ ರಾಜಮಾರ್ಗದಲ್ಲಿ ಎಳೆಸಬೇಕೆಂದೂ ಅದಕ್ಕೆ ಸಂಸ್ಕಾರ ಸಲ್ಲದೆಂದೂ ವಿಧಿಸಿದನು; ಸ್ಮೃತಿಕಾರರು ಅಂಥವರಿಗೆ ಅಶೌಚವನ್ನೂ ತರ್ಪಣವನ್ನೂ ನಿರಾಕರಿಸಿದರು. ಆದರೆ ಅದೇ ಸ್ಮೃತಿಗಳ ಸಂದಿಯಲ್ಲಿ ಒಂದು ವಿನಾಯಿತಿ ಅಡಗಿದ್ದಿತು. ಶೌಚಾಚಾರಗಳನ್ನು ನಡೆಸಲಾರದಷ್ಟು ಮುಪ್ಪಡರಿದವನು, ವೈದ್ಯರು ಚಿಕಿತ್ಸೆಯಿಲ್ಲವೆಂದು ಹೇಳಿ ಕಳುಹಿದವನು ಹೀಗೆ ಮಡಿದರೆ ಅವನಿಗೆ ಮೂರು ದಿನದ ಅಶೌಚವೂ ಉತ್ತರಕ್ರಿಯೆಯೂ ಸಲ್ಲುವುವೆಂದು ಆ ವಚನಗಳು ಹೇಳಿದುವು. ಜೈನ ಶ್ರಾವಕಾಚಾರದಲ್ಲಿಯೂ, ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ಕಾರಣವಾಗಬಹುದಾದ ಸಂದರ್ಭಗಳನ್ನು ಎಣಿಸುವಾಗ, ರೋಗಕ್ಕೆ ಪ್ರತೀಕಾರವೇ ಇಲ್ಲದಿರಬೇಕೆಂಬ ಷರತ್ತನ್ನು ಇಟ್ಟರು. ಕ್ರಮವಾಗಿ ಆಹಾರವನ್ನು ತೊರೆದು ದೇಹವನ್ನು ಬಿಡುವ ಸಲ್ಲೇಖನವು ಬೇರೆಯದೇ ಆದ ವ್ರತ; ಅದರ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಉಳಿದ ಮಾರ್ಗಗಳನ್ನು ಮುಂದಿನ ಧರ್ಮಶಾಸ್ತ್ರಜ್ಞರು ಕಲಿವರ್ಜ್ಯಗಳ, ಎಂದರೆ ಕಲಿಯುಗದಲ್ಲಿ ಸಲ್ಲದ ಆಚರಣೆಗಳ, ಪಟ್ಟಿಗೆ ಸೇರಿಸಿ ನಿಷೇಧಿಸಿದರೆಂಬುದೂ ನಿಜವೇ. ಆದರೂ ಗಮನಿಸಬೇಕಾದುದು ಇಷ್ಟು: ಈ ಪರಂಪರೆಗಳೆರಡೂ ಒಪ್ಪಿಗೆಯ ಬಾಗಿಲನ್ನು ತೆರೆದುದು ರೋಗಿಯ ದುಃಖವನ್ನು ಅಳೆದಲ್ಲ, ವೈದ್ಯನ ಶಕ್ತಿಯನ್ನು ಅಳೆದು. ಎಲ್ಲಿ ಮದ್ದು ಮುಗಿಯಿತೋ ಅಲ್ಲಿ ಅನುಮತಿ ತೊಡಗಿತು.

ಮದ್ದು ಎಲ್ಲಿ ಮುಗಿಯುವುದೆಂಬುದನ್ನು ಅಂದಿನ ವೈದ್ಯಶಾಸ್ತ್ರ ಬಲ್ಲುದಾಗಿತ್ತು. ಸುಶ್ರುತಸಂಹಿತೆಯ ನಿದಾನಸ್ಥಾನವು ಗ್ರಂಥಿ, ಅರ್ಬುದಗಳ ಲಕ್ಷಣಗಳನ್ನು ಹೇಳುತ್ತ ಅವುಗಳಲ್ಲಿ ಕೆಲವನ್ನು ಅಸಾಧ್ಯವೆಂದು ಬೇರ್ಪಡಿಸಿತು. ಚರಕನು ಅಸಾಧ್ಯರೋಗಕ್ಕೆ ಕೈಹಾಕುವ ವೈದ್ಯನು ಧನವನ್ನೂ ವಿದ್ಯೆಯ ಗೌರವವನ್ನೂ ಯಶಸ್ಸನ್ನೂ ಕಳೆದುಕೊಳ್ಳುವನೆಂದು ಎಚ್ಚರಿಸಿದನು. ಕೊಲ್ಲುವ ರೋಗದ ಮುಂದೆ ಸುಳ್ಳು ಭರವಸೆ ಮಾರಿ ಬಡವರ ಹಣ ಕೀಳುವ ಕಪಟಿಗಳನ್ನು ನೆನೆದರೆ ಈ ಎಚ್ಚರಿಕೆಯ ಹಿಂದಿರುವ ಪ್ರಾಮಾಣಿಕತೆಯನ್ನು ಒಪ್ಪಬೇಕು. ಆದರೆ ಅದರ ಇನ್ನೊಂದು ಪರಿಣಾಮವನ್ನು ಶತಮಾನಗಳ ಕಾಲ ರೋಗಿಗಳು ಅನುಭವಿಸಿದರು: ಗುಣಪಡಿಸಲಾಗದ ಕ್ಷಣದಲ್ಲಿಯೇ ವೈದ್ಯನು ಎದ್ದುಹೋಗುವ ಪದ್ಧತಿ ನೆಲೆಯೂರಿತು. ಇಂದಿಗೂ ನಮ್ಮ ಕಡೆ “ಡಾಕ್ಟರು ಕೈ ಚೆಲ್ಲಿದ್ರು, ಮನಿಗೆ ಕರಕೊಂಡು ಹೋಗ್ರಿ ಅಂದ್ರು” ಎಂಬ ಮಾತು ಮನೆಯ ಕಟ್ಟೆಯ ಮೇಲೆ ನುಡಿಯಲ್ಪಟ್ಟಾಗ, ಒಳಗೆ ಹಾಸಿಗೆಯಲ್ಲಿ ಮಲಗಿದವರು ಅದನ್ನು ಕೇಳಿಸಿಕೊಳ್ಳುತ್ತಿರುತ್ತಾರೆ.

ಹಾಗೆಂದು ತಡೆಯುವ ಪರಂಪರೆ ನಮ್ಮಲ್ಲಿರಲೇ ಇಲ್ಲವೆಂದು ಭಾವಿಸಲಾಗದು. ಆ ಸಮಂತಭದ್ರಾಚಾರ್ಯರ ಬಾಳಿನದೇ ಎಂದು ಜೈನ ಪರಂಪರೆ ಹೇಳಿಕೊಂಡುಬಂದ ಒಂದು ಕಥೆಯಿದೆ. ಕನ್ನಡದಲ್ಲಿ ಅದನ್ನು ಹತ್ತೊಂಬತ್ತನೆಯ ಶತಮಾನದ ದೇವಚಂದ್ರನು ‘ರಾಜಾವಳೀಕಥೆ’ಯಲ್ಲಿ ವಿಸ್ತರಿಸಿದ್ದಾನೆ, ಆಚಾರ್ಯರ ಆ ರೋಗದ ಉಲ್ಲೇಖ 1129ರ ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯಲ್ಲಿಯೇ ಬರುತ್ತದೆ. ತಿಂದುದೆಲ್ಲವನ್ನೂ ಸುಟ್ಟು ಬೂದಿಮಾಡುವ ಭಸ್ಮಕವ್ಯಾಧಿಯಿಂದ ಕಂಗೆಟ್ಟ ತರುಣ ಮುನಿಯು ಗುರುವಿನ ಬಳಿ ಬಂದು, ಈ ಶರೀರವನ್ನು ತೊರೆಯಲು ಸಲ್ಲೇಖನಕ್ಕೆ ಅನುಮತಿ ಕೊಡಿರೆಂದು ಬೇಡಿದನು, ಗುರುವು ಕೊಡಲಿಲ್ಲ. ನಿನ್ನಿಂದ ಇನ್ನೂ ಆಗಬೇಕಾದುದಿದೆ, ರೋಗ ಶಮನವಾಗುವವರೆಗೆ ಮುನಿದೀಕ್ಷೆಯ ನಿಯಮಗಳನ್ನೇ ಸಡಿಲಿಸಿಕೊಂಡು ಬದುಕು, ಆಮೇಲೆ ಮತ್ತೆ ದೀಕ್ಷೆಯನ್ನು ತಾಳೆಂದು ಹೇಳಿ ಕಳುಹಿದನು. ವ್ಯಾಧಿ ನೀಗಿತು, ಆಚಾರ್ಯನು ಗ್ರಂಥಗಳನ್ನು ರಚಿಸಿದನು. ಕಥೆಯ ಐತಿಹಾಸಿಕತೆಯನ್ನು ಪಂಡಿತರು ತೂಗಲಿ. ಶ್ರೇಷ್ಠ ವ್ರತವೆಂದು ತಾನೇ ನಂಬಿದ್ದನ್ನು ನೋವಿನಲ್ಲಿ ಬೇಡಿದವನಿಗೆ ಕೊಡಲೊಲ್ಲದೆ, ಅವನು ಬದುಕುವುದಕ್ಕಾಗಿ ನಿಯಮಗಳನ್ನೇ ಬಾಗಿಸಿದ ಈ ಗುರುವು ನನ್ನ ಮಟ್ಟಿಗೆ ಬಿಲ್ಹಣನ ಮಂತ್ರಿಗಳೆಲ್ಲರಿಗಿಂತ ಹಿರಿಯವನು. ಅವನು ಬರಿದೆ ಬೇಡವೆನ್ನಲಿಲ್ಲ. ನಾಳೆಯಿಂದ ಏನು ಉಣ್ಣಬೇಕು, ಹೇಗೆ ಇರಬೇಕು ಎಂಬುದನ್ನೂ ಹೇಳಿ ಕಳುಹಿದನೆಂಬುದೇ ಆ ಕಥೆಯ ಹಿರಿಮೆ.

ಆಂಗ್ಲರು ಬಂದಮೇಲೆ ಈ ವಿಷಯವು ಶಾಸ್ತ್ರಿಗಳ ಕೈಯಿಂದ ಫೌಜದಾರರ ಕೈಗೆ ಹೋಯಿತು. 1860ರ ದಂಡಸಂಹಿತೆಯ 309ನೆಯ ಕಲಮು ಆತ್ಮಹತ್ಯೆಯ ಪ್ರಯತ್ನಕ್ಕೆ ಒಂದು ವರ್ಷದವರೆಗಿನ ಸೆರೆಯನ್ನು ವಿಧಿಸಿತು. ಬದುಕುಳಿದವನನ್ನು ಅಪರಾಧಿಯೆಂದು ಕರೆದ ಈ ಕಾನೂನು ಎಷ್ಟು ಜನರನ್ನು ತಡೆಯಿತೋ ತಿಳಿಯದು. ಬಾಯಿ ಮುಚ್ಚಿಸಿದುದಂತೂ ದಿಟ. ಮನೆಯವರು ದವಾಖಾನೆಯಲ್ಲಿ ನಿಜವನ್ನು ಹೇಳಲಂಜಿದರು. ಪಂಚನಾಮೆಯಲ್ಲಿಯೂ ಪತ್ರಿಕೆಯ ಮೂಲೆಯಲ್ಲಿಯೂ ‘ಹೊಟ್ಟೆನೋವು ತಾಳಲಾರದೆ’ ಎಂಬ ಸಿದ್ಧವಾಕ್ಯವೊಂದು ಊರೂರಿಗೆ ಸಲ್ಲುವ ಕಾರಣವಾಗಿ ಉಳಿಯಿತು. ಆ ಎರಡು ಮಾತುಗಳ ಹಿಂದೆ ಜಠರದ ಅರ್ಬುದವಿದ್ದಿತೋ, ಸಾಲವಿದ್ದಿತೋ, ಹೇಳಿಕೊಳ್ಳಲಾಗದ ಮನೋವ್ಯಾಧಿಯಿದ್ದಿತೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಇಂದು ರಾಷ್ಟ್ರೀಯ ಅಪರಾಧ ದಾಖಲಾತಿ ಕೇಂದ್ರವು ಕಾರಣಗಳನ್ನು ವಿಂಗಡಿಸಿ ಪ್ರಕಟಿಸುತ್ತದೆ, ಕ್ಯಾನ್ಸರಿಗೆ ಅದರಲ್ಲಿ ಪ್ರತ್ಯೇಕ ಸಾಲೂ ಇದೆ. 2022ರಲ್ಲಿ ದೇಶದಲ್ಲಿ ಲೆಕ್ಕಕ್ಕೆ ಬಂದ 1,70,924 ಆತ್ಮಹತ್ಯೆಗಳಲ್ಲಿ ನೂರಕ್ಕೆ 18.4ರಷ್ಟಕ್ಕೆ ಅನಾರೋಗ್ಯವೇ ಕಾರಣವೆಂದು ಬರೆಯಲ್ಪಟ್ಟಿದೆ. ಕೌಟುಂಬಿಕ ಸಮಸ್ಯೆಗಳನ್ನು ಬಿಟ್ಟರೆ ಇದೇ ಅತಿ ದೊಡ್ಡ ಭಾಗ.

ಚಿಕಿತ್ಸೆಯಾದರೂ ಮೇಡ್ಲೇರಿಗೆ ಬಹಳ ದೂರವಾಗಿದ್ದಿತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಧಾರವಾಡ ಜಿಲ್ಲೆಯ ಜನ ದೊಡ್ಡ ಶಸ್ತ್ರಕ್ರಿಯೆಗೆಂದು ರೈಲು ಹತ್ತಿ ಹೋಗುತ್ತಿದ್ದುದು 1894ರಲ್ಲಿ ಡಾ. ವಾನ್‌ಲೆಸ್ ಅವರು ಮೀರಜಿನಲ್ಲಿ ಸ್ಥಾಪಿಸಿದ ಮಿಶನ್ ಆಸ್ಪತ್ರೆಗೆ. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆದ ಮೇಲೆ ಉಳ್ಳವರು ಅಲ್ಲಿಗೂ ಹೋದರು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಹುಬ್ಬಳ್ಳಿಯ ನವನಗರದಲ್ಲಿ ಡಾ. ಆರ್. ಬಿ. ಪಾಟೀಲರು ಕಟ್ಟಿದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನ ಸಂಸ್ಥೆಯು ಉತ್ತರದ ಜಿಲ್ಲೆಗಳಿಗೆ ಹತ್ತಿರದ ಆಸರೆಯಾಯಿತು. ಈ ಸಂಸ್ಥೆಗಳು ಬಂದು ‘ಅಸಾಧ್ಯ’ದ ಗಡಿಯನ್ನು ಬಹಳ ಹಿಂದಕ್ಕೆ ಸರಿಸಿದುವು, ಅಜ್ಜನ ಕಾಲದಲ್ಲಿ ಕೊಲ್ಲುತ್ತಿದ್ದ ಎಷ್ಟೋ ಗಡ್ಡೆಗಳು ಮೊಮ್ಮಗನ ಕಾಲಕ್ಕೆ ಗುಣವಾಗತೊಡಗಿದುವು. ಆದರೆ ಅವುಗಳೊಡನೆ ಹೊಸದೊಂದು ಕ್ಲೇಶವೂ ಬಂದಿತು. ಬೆಂಗಳೂರಿಗೆ ಮುನ್ನೂರು ಕಿಲೋಮೀಟರು, ಹುಬ್ಬಳ್ಳಿಗೆ ನೂರಕ್ಕೂ ಮೀರಿ. ವಾರಗಟ್ಟಲೆ ‘ಕರೆಂಟು’, ಎಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಳ್ಳಬೇಕು. ರೋಗಿಯೊಡನೆ ಒಬ್ಬರು ಇರಬೇಕು. ಅಷ್ಟು ದಿನ ಹೊಲ ಬೀಳು. “ನನ್ನ ಸಲುವಾಗಿ ಹೊಲ ಮಾರಬ್ಯಾಡೋ ತಮ್ಮಾ, ನಾ ಎಷ್ಟ್ ದಿನದಾಕಿ?” ಎಂದು ತಾಯಿಯೊಬ್ಬಳು ಮಗನಿಗೆ ಹೇಳುವಾಗ ಮನೆಯವರು ಅದನ್ನು ತ್ಯಾಗಬುದ್ಧಿಯೆಂದು ಮೆಚ್ಚಿ ಕಣ್ಣೊರೆಸಿಕೊಳ್ಳುತ್ತಾರೆ, ತಾನು ಭಾರವಾದೆನೆಂಬ ಆ ಎಣಿಕೆಯೇ ಎಲ್ಲಕ್ಕಿಂತ ಅಪಾಯಕರವಾದ ಎಣಿಕೆಯೆಂದು ಅವರಿಗೆ ಹೇಳಿದವರಿಲ್ಲ. 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಈ ಯೋಜನೆಗಳನ್ನು ನಾವು ವೈದ್ಯವೆಚ್ಚದ ದೃಷ್ಟಿಯಿಂದ ಮಾತ್ರ ನೋಡುವುದುಂಟು. ಬಡರೋಗಿಯ ಮನಸ್ಸಿನಿಂದ ಹೊಲ ಮಾರುವ ಭಯವನ್ನು ತೆಗೆದಷ್ಟರಮಟ್ಟಿಗೆ ಅವು ಆತ್ಮಹತ್ಯೆಯ ನಿವಾರಣೆಯ ಕಾರ್ಯವನ್ನೂ ಮಾಡಿವೆ.

ಕ್ಯಾನ್ಸರ್ ಬಂದವನು ಸಾವನ್ನು ಬಯಸುವುದು ಸಹಜವೇ ಎಂದು ಕೇಳುವವರು ಎಲ್ಲೆಡೆಯೂ ಇದ್ದರು, ವೈದ್ಯರಲ್ಲಿಯೂ ಇದ್ದರು. ಈ ‘ಸಹಜ’ವೆಂಬ ಎಣಿಕೆಯನ್ನು ಪರೀಕ್ಷೆಗೆ ಒಡ್ಡಿದ ಎರಡು ಅಧ್ಯಯನಗಳು ನನಗೆ ಬಹಳ ಬೆಲೆಯುಳ್ಳವಾಗಿ ತೋರಿವೆ. 2012ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವು ಅಲ್ಲಿನ ಅರುವತ್ತು ಲಕ್ಷಕ್ಕೂ ಮೀರಿದ ಜನರ ದಾಖಲೆಗಳನ್ನು ಶೋಧಿಸಿ, ಕ್ಯಾನ್ಸರೆಂಬ ನಿರ್ಣಯ ಹೊರಬಿದ್ದ ಮೊದಲ ವಾರದಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹನ್ನೆರಡು ಪಟ್ಟಿಗೂ ಮಿಗಿಲಾಗಿದ್ದು, ಮೊದಲ ವರ್ಷದ ಒಟ್ಟು ಲೆಕ್ಕದಲ್ಲಿ ಮೂರು ಪಟ್ಟಿಗೆ ಇಳಿಯುವುದೆಂದು ತೋರಿಸಿತು. ಮೊದಲ ವಾರದಲ್ಲಿ ರೋಗವು ದೇಹವನ್ನು ಇನ್ನೂ ಸವೆಸಿರುವುದಿಲ್ಲ, ಚಿಕಿತ್ಸೆಯೇ ತೊಡಗಿರುವುದಿಲ್ಲ. ಕೊಲ್ಲಲು ಬರುವುದು ಆಗ ರೋಗದ ನೋವಲ್ಲ, ಸುದ್ದಿಯ ಆಘಾತ. ಕೆನಡಾದ ವಿನಿಪೆಗ್ಗಿನಲ್ಲಿ ಡಾ. ಹಾರ್ವೆ ಚೊಚಿನೋವ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನವಾದರೋ ಸಾವು ಸಮೀಪಿಸಿದ 200 ರೋಗಿಗಳ ಹಾಸಿಗೆಯ ಬಳಿ ಕುಳಿತು ಮಾಡಿದುದು. ಸಾವು ಬಂದರೆ ಸಾಕೆಂದು ಎಂದಾದರೊಮ್ಮೆ ಅಂದುಕೊಂಡವರು ಅವರಲ್ಲಿ ಹೆಚ್ಚುಕಡಿಮೆ ಅರ್ಧ. ಅದನ್ನೇ ಗಾಢವಾಗಿ, ಎಡೆಬಿಡದೆ ಬಯಸಿದವರು ಕೇವಲ 17 ಮಂದಿ. ಆ ಹದಿನೇಳು ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಖಿನ್ನತೆಯೆಂಬ, ಚಿಕಿತ್ಸೆಯಿರುವ ಬೇರೊಂದು ರೋಗದಿಂದ ನರಳುತ್ತಿದ್ದರು. ಎರಡು ವಾರ ಕಳೆದು ಮತ್ತೆ ಮಾತಾಡಿಸಲು ಸಿಕ್ಕ ಆರು ಮಂದಿಯಲ್ಲಿ ನಾಲ್ವರ ಬಯಕೆ ತಗ್ಗಿದ್ದಿತು. ಸಂಖ್ಯೆ ಸಣ್ಣದು, ಆದರೆ ಅದು ಹೇಳುವ ಸಂಗತಿ ಸಣ್ಣದಲ್ಲ: ಶಾಶ್ವತವೆಂದು ತೋರಿದ ನಿರ್ಧಾರ ಹದಿನೈದು ದಿನದಲ್ಲಿ ಬದಲಾಗಬಲ್ಲುದು.

ನಮ್ಮಲ್ಲಿ ಈ ವಿಚಾರ ಬೇರೂರಿದುದು ಬೆಂಗಳೂರಿನ ಎರಡು ನೆರೆಯ ಸಂಸ್ಥೆಗಳ ಸಖ್ಯದಿಂದ. ಹೊಸೂರು ರಸ್ತೆಯ ಪರಿಸರದಲ್ಲಿಯೇ ಇರುವ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮತ್ತು ಕಿದ್ವಾಯಿಗಳ ನಡುವೆ ಮನೋವೈದ್ಯರು ಹೋಗಿಬರತೊಡಗಿದರು, ಡಾ. ಸಂತೋಷ್ ಚತುರ್ವೇದಿ, ಡಾ. ಪ್ರಭಾ ಚಂದ್ರ, ಡಾ. ಎಸ್. ಎಂ. ಚನ್ನಬಸವಣ್ಣ ಅವರೂ ಕಿದ್ವಾಯಿಯ ಡಾ. ಎನ್. ಅನಂತ ಅವರೂ ಕೂಡಿ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ ರೋಗಿಗಳ ಆತಂಕವನ್ನೂ ಖಿನ್ನತೆಯನ್ನೂ ಅಳೆದ ಪ್ರಬಂಧವು 1996ರಲ್ಲಿ ಪ್ರಕಟವಾಯಿತು. ರೋಗಿಯ ಕಣ್ಣೀರೂ ಪರೀಕ್ಷಿಸಿ ಚಿಕಿತ್ಸೆ ನೀಡಬೇಕಾದ ಲಕ್ಷಣವೆಂಬ ಭಾವನೆ ಹೀಗೆ ವಾರ್ಡಿನೊಳಗೆ ಕಾಲಿರಿಸಿತು.

ಆದರೆ ಬೆಂಗಳೂರಿನ ವಾರ್ಡಿನಿಂದ ಹೊಳೆಯ ದಡದ ಹಳ್ಳಿಗೆ ಈ ಭಾವನೆ ಬರುವುದಕ್ಕೆ ಬೇರೆಯೇ ದಾರಿ ಬೇಕಾಗಿತ್ತು, ಆ ದಾರಿಯನ್ನು ಕಡಿದುದು ಬಳ್ಳಾರಿ. 1982ರಲ್ಲಿ ದೇಶವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತಷ್ಟೆ. ಅದನ್ನು ಒಂದು ಇಡಿಯ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಲು ನಿಮ್ಹಾನ್ಸ್ 1985ರಿಂದ 1990ರವರೆಗೆ ಆರಿಸಿಕೊಂಡುದು ಬಳ್ಳಾರಿ ಜಿಲ್ಲೆಯನ್ನು, ಎಂದರೆ ಕುರುವತ್ತಿಯನ್ನು ಒಳಗೊಂಡಿದ್ದ ಅದೇ ಜಿಲ್ಲೆಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಮನೋವ್ಯಾಧಿಯನ್ನು ಗುರುತಿಸುವುದನ್ನು ಕಲಿಸಿ, ಕೆಲವೇ ಕೆಲವು ಔಷಧಿಗಳನ್ನು ಅವರ ಕೈಯಲ್ಲಿಟ್ಟು, ಜಿಲ್ಲೆಯಲ್ಲಿ ಒಬ್ಬ ಮನೋವೈದ್ಯನನ್ನು ಬೆಂಬಲಕ್ಕೆ ನಿಲ್ಲಿಸಿದರೆ, ಹುಚ್ಚಾಸ್ಪತ್ರೆಯ ಮೆಟ್ಟಲನ್ನು ಏರದೆಯೇ ಸಾವಿರಾರು ಜನರಿಗೆ ಶುಶ್ರೂಷೆ ದೊರಕಬಹುದೆಂದು ಅದು ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾಗಿ ದೇಶದಲ್ಲಿ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ಮೂಲ. ಕನ್ನಡನಾಡು ಭಾರತಕ್ಕೆ ಕೊಟ್ಟ ಕಾಣಿಕೆಗಳನ್ನು ಎಣಿಸುವಾಗ ನಾವು ಇದನ್ನು ಮರೆಯುವುದೇಕೋ ನನಗೆ ತಿಳಿಯದು.

ಇನ್ನು ನೋವಿನ ಮಾತು. ಮನಸ್ಸಿಗೆ ಎಷ್ಟು ಸಾಂತ್ವನ ಹೇಳಿದರೇನು, ಎಲುಬಿಗೆ ಇಳಿದ ಅರ್ಬುದದ ನೋವು ರಾತ್ರಿಯಿಡೀ ಕೊರೆಯುತ್ತಿದ್ದರೆ? ಆ ನೋವನ್ನು ತಗ್ಗಿಸಬಲ್ಲ ಮಾರ್ಫಿನ್ ಎಂಬ ದ್ರವ್ಯವನ್ನು ಅಫೀಮಿನಿಂದ ತೆಗೆಯುವರು. ಕಾನೂನುಬದ್ಧವಾಗಿ ಅಫೀಮನ್ನು ಬೆಳೆದು ಜಗತ್ತಿಗೆ ಒದಗಿಸುವ ದೇಶಗಳಲ್ಲಿ ಭಾರತ ಪ್ರಮುಖವಾದುದು. ಆಂಗ್ಲರ ಕಾಲದಲ್ಲಿ ಪರವಾನಗಿಯ ಅಂಗಡಿಗಳಲ್ಲಿ ಬಿಕರಿಯಾಗುತ್ತಿದ್ದ ಅಫೀಮು, ಸ್ವಾತಂತ್ರ್ಯಾನಂತರ 1959ರ ಹೊತ್ತಿಗೆ ನಿಂತಿತು. ಅದು ನಿಂತುದು ಒಳ್ಳೆಯದೇ. ಆದರೆ 1985ರ ಮಾದಕದ್ರವ್ಯ ಕಾಯಿದೆಯು ಹತ್ತು ವರ್ಷದ ಕಠಿನ ಶಿಕ್ಷೆಯ ಭಯವನ್ನೂ ಪರವಾನಗಿಗಳ ಸರಮಾಲೆಯನ್ನೂ ಒಡ್ಡಿದೊಡನೆ, ಔಷಧಿಯಂಗಡಿಗಳೂ ಆಸ್ಪತ್ರೆಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟುವು. ಮುಂದಿನ ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಕುಗ್ಗಿಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವಿಗೆ ಬಾಯಿಯ ಮೂಲಕ, ಗಡಿಯಾರದ ಲೆಕ್ಕದಲ್ಲಿ, ಮೆಟ್ಟಲು ಮೆಟ್ಟಲಾಗಿ ಮದ್ದು ಕೊಡುವ ಕ್ರಮವನ್ನು ಜಗತ್ತಿಗೆ ಸಾರಿದುದು 1986ರಲ್ಲಿ, ಎಂದರೆ ನಾವು ಬಾಗಿಲು ಮುಚ್ಚಿದ ಮರುವರ್ಷ. ಈ ಕ್ರೂರ ಆಕಸ್ಮಿಕವನ್ನು ನೆನೆದಾಗ ಮನಸ್ಸು ಕಹಿಯಾಗುತ್ತದೆ. ಆ ಬಾಗಿಲನ್ನು ಮತ್ತೆ ತೆರೆಯಲು ಕಲ್ಲಿಕೋಟೆಯ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಗೆಳೆಯರು 1993ರಲ್ಲಿ ಉಪಶಮನ ಶುಶ್ರೂಷೆಯ ಸಂಘವನ್ನು ಕಟ್ಟಿದಂದಿನಿಂದ ದುಡಿದರು; ಕಾಯಿದೆಗೆ ತಿದ್ದುಪಡಿ ಬಂದುದು 2014ರಲ್ಲಿ.

ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ 1999ರ ಮೇ 1ರಂದು ತೆರೆದ ‘ಕರುಣಾಶ್ರಯ’ವು ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಯಾವ ಶುಲ್ಕವೂ ಇಲ್ಲದೆ ನೋಡಿಕೊಳ್ಳುತ್ತ ಬಂದಿದೆ. ಇಂಥ ಶುಶ್ರೂಷೆಯ ಸ್ವರೂಪವನ್ನು ತಿಳಿಯಲು ದೊಡ್ಡ ಸಿದ್ಧಾಂತ ಬೇಡ, ಬಾಯಿಯ ಕ್ಯಾನ್ಸರಿನ ಹುಣ್ಣೊಂದು ಸಾಕು. ತಂಬಾಕು ಅಗಿಯುವ ನಮ್ಮ ಸೀಮೆಯಲ್ಲಿ ಅದು ಅಪರೂಪವಲ್ಲ. ಗಲ್ಲದಲ್ಲಿ ಹುಣ್ಣು ಒಡೆದು ಕೀವು ಸೋರತೊಡಗಿದಾಗ ರೋಗಿಯನ್ನು ಮೊದಲು ಕೊಲ್ಲುವುದು ಅದರ ವಾಸನೆ. ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ. ಹಾಸಿಗೆ ಪಡಸಾಲೆಯಿಂದ ಹಿತ್ತಿಲ ಕೋಣೆಗೆ ಹೋಗುತ್ತದೆ. ಗಂಜಿಯ ತಾಟನ್ನು ಹೊಸ್ತಿಲಲ್ಲಿಟ್ಟು ಹೋಗುತ್ತಾರೆ. ಆ ಕೋಣೆಯಲ್ಲಿ ಒಬ್ಬನೇ ಕುಳಿತವನಿಗೆ ತಾನು ಈಗಾಗಲೇ ಸತ್ತವನೆಂದು ತೋರಿದರೆ ಆಶ್ಚರ್ಯವೇನು? ಉಪಶಮನ ಶುಶ್ರೂಷೆಯ ದಾದಿಯು ಬಂದು ಹುಣ್ಣನ್ನು ಉಪ್ಪುನೀರಿನಿಂದ ತೊಳೆದು, ಭೇದಿಯಾದವರಿಗೆ ಕೊಡುವ ಮೆಟ್ರೋನಿಡಜೋಲ್ ಎಂಬ ಅಗ್ಗದ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಅದರ ಮೇಲೆ ಉದುರಿಸಿ, ಸ್ವಚ್ಛವಾದ ಹಳೆಯ ಬಟ್ಟೆಯನ್ನು ಹಗುರಾಗಿ ಕಟ್ಟುತ್ತಾಳೆ, ಮನೆಯವರಿಗೂ ಅದನ್ನೇ ಕಲಿಸುತ್ತಾಳೆ. ಕೆಲವು ದಿನಗಳಲ್ಲಿ ವಾಸನೆ ತಗ್ಗುತ್ತದೆ, ಮಗಳು ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಅರ್ಬುದ ಎಳ್ಳಷ್ಟೂ ಕರಗಿರುವುದಿಲ್ಲ. ಆದರೆ ಪ್ರಾಚೀನರು ‘ಪ್ರತೀಕಾರವಿಲ್ಲ’ವೆಂದು ಎಲ್ಲಿ ಗೆರೆ ಎಳೆದರೋ ಆ ಗೆರೆಯ ಆಚೆಗೂ ಮಾಡಬೇಕಾದ ಪ್ರತೀಕಾರಗಳು ಇಷ್ಟೊಂದಿವೆಯೆಂದು ತಿಳಿದ ಮೇಲೆ, ಗೆರೆಯನ್ನು ಅಲ್ಲಿಯೇ ಉಳಿಸಿಕೊಳ್ಳುವ ಹಕ್ಕು ನಮಗೆಲ್ಲಿದೆ?

ರಾಣೆಬೆನ್ನೂರು ಸೀಮೆಯ ಮನೆಗಳಿಗೆ ವಿಶೇಷವಾಗಿ ಸೇರಿದ ಇನ್ನೊಂದು ಎಚ್ಚರವನ್ನು ಇಲ್ಲಿ ಹೇಳಲೇಬೇಕು. ಧಾರವಾಡದ ಕೃಷಿವಿಜ್ಞಾನಿ ಡಾ. ಬಿ. ಎಚ್. ಕಟರಕಿಯವರ ‘ವರಲಕ್ಷ್ಮಿ’ ಸಂಕರತಳಿ 1972ರಲ್ಲಿ ಹೊರಬಂದ ಮೇಲೆ ಹತ್ತಿಯ ಬೀಜೋತ್ಪಾದನೆ ಈ ತಾಲೂಕಿಗೆ ಹಣವನ್ನೂ ಹೆಸರನ್ನೂ ತಂದಿತು. ಹತ್ತಿಯ ಬೆನ್ನಿಗೆ ಹುಳದ ‘ಎಣ್ಣಿ’ಯೂ ಮನೆಯ ಮಾಡಿಗೆ ಬಂದು ಕುಳಿತಿತು. ದುಗುಡದ ಒಂದು ಗಳಿಗೆ ಮರಣವಾಗುವುದೂ ಆಗದಿರುವುದೂ ಅಂಥ ವಸ್ತುವು ಕೈಗೆಟುಕುವಂತಿದೆಯೇ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆಯೆಂಬುದನ್ನು ಶ್ರೀಲಂಕೆ ಜಗತ್ತಿಗೆ ತೋರಿಸಿತು. 1990ರ ದಶಕದಲ್ಲಿ ಅದು ಅತಿ ಉಗ್ರವಾದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆಗಳು ಬಹಳವಾಗಿ ಇಳಿದುವು. ಮನೆಯಲ್ಲಿ ಇಂಥ ರೋಗಿಯಿರುವಾಗ ಎಣ್ಣಿಯನ್ನು ಮನೆಯಿಂದಾಚೆ, ಸಾಧ್ಯವಾದರೆ ಬೇರೆಯವರ ವಶದಲ್ಲಿ, ಬೀಗದೊಳಗಿಡಬೇಕು. ಮಾತ್ರೆಗಳನ್ನು ಒಮ್ಮೆಗೆ ಕೆಲವೇ ದಿನಗಳಿಗೆ ಆಗುವಷ್ಟು ತಂದು, ಮನೆಯವರೊಬ್ಬರು ಹೊತ್ತುಹೊತ್ತಿಗೆ ಕೊಡಬೇಕು. ಇದನ್ನು ಅಪನಂಬಿಕೆಯೆಂದು ರೋಗಿಗೆ ತೋರದಂತೆ, ಅವನಿಗೇ ಹೇಳಿ ಮಾಡಬಹುದು.

ಕಾನೂನು ತನ್ನ ನಿಧಾನದಲ್ಲಿ ಮೃದುವಾಗುತ್ತ ಬಂದಿದೆ. 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು 309ನೆಯ ಕಲಮನ್ನು ಅಸಿಂಧುವೆಂದಿತು. 1996ರಲ್ಲಿ ಗಿಯಾನ್ ಕೌರ್ ಮೊಕದ್ದಮೆಯಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅಂಥ ಪ್ರಯತ್ನ ಮಾಡಿದವನನ್ನು ತೀವ್ರ ಒತ್ತಡಕ್ಕೆ ಒಳಗಾದವನೆಂದು ಭಾವಿಸಿ, ಶಿಕ್ಷೆಯ ಬದಲು ಶುಶ್ರೂಷೆ ಕೊಡುವುದನ್ನು ಸರಕಾರದ ಕರ್ತವ್ಯವನ್ನಾಗಿಸಿತು; 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಇದರೊಡನೆ ಹಲವರು ಬೆರೆಸಿಬಿಡುವ ಇನ್ನೊಂದು ವಿಷಯವಿದೆ. ಚೇತರಿಕೆಯ ಸಾಧ್ಯತೆಯಿಲ್ಲದ ರೋಗಿಗೆ ಯಂತ್ರಗಳ ಬಲದಿಂದ ಉಸಿರು ಲಂಬಿಸುವುದನ್ನು ನಿಲ್ಲಿಸಬಹುದೆಂದು 2018ರ ಮಾರ್ಚ್ 9ರಂದು ನ್ಯಾಯಾಲಯ ಹೇಳಿತು, 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಅದರ ಅನುಷ್ಠಾನಕ್ಕೆ ಸುತ್ತೋಲೆ ಹೊರಡಿಸಿತು. ಸಾವನ್ನು ಸುಮ್ಮನೆ ಬರಗೊಡುವ ಈ ಕ್ರಮಕ್ಕೂ, ನಿರಾಶೆಯಲ್ಲಿ ಸಾವನ್ನು ಕರೆತರುವುದಕ್ಕೂ ಇರುವ ಅಂತರ ಅಪಾರವಾದುದು. ಮೊದಲನೆಯದಕ್ಕೆ ವೈದ್ಯರ ಮಂಡಲಿಯೂ ಮನೆಯವರ ಒಪ್ಪಿಗೆಯೂ ಬೇಕು, ರೋಗಿಯ ಮುಂಗಡ ಬರಹವಿದ್ದರೆ ಅದನ್ನೂ ಮನ್ನಿಸಬೇಕು. ಎರಡನೆಯದು ಸಂಭವಿಸುವುದು ಹತ್ತಿರದಲ್ಲಿ ಯಾರೂ ಇಲ್ಲದಿರುವಾಗ.

ಹತ್ತಿರ ಇರುವುದೆಂದರೆ ಮಾತಾಡುವುದೂ ಹೌದು, ನಮ್ಮ ಮನೆಗಳು ಸೋಲುವುದು ಅಲ್ಲಿಯೇ. ರೋಗದ ಹೆಸರನ್ನು ರೋಗಿಗೆ ಹೇಳಬಾರದೆಂದು ಮಕ್ಕಳು ವೈದ್ಯರ ಕೈಹಿಡಿದು ಬೇಡುತ್ತಾರೆ. ಮರಣಲಕ್ಷಣವನ್ನು ಕಂಡರೂ, ಕೇಳಿದಾಗಲೂ, ಹೇಳುವುದರಿಂದ ರೋಗಿಗಾಗಲಿ ಬಳಗಕ್ಕಾಗಲಿ ಕೇಡಾಗುವಂತಿದ್ದರೆ ವೈದ್ಯನು ಹೇಳಬಾರದೆಂದು ಚರಕನೂ ಅಂದಿದ್ದಾನೆ. ಆದರೆ ಚರಕನ ರೋಗಿಗೆ ನವನಗರದ ‘ಕ್ಯಾನ್ಸರ್ ಆಸ್ಪತ್ರೆ’ ಎಂಬ ಫಲಕದ ಕೆಳಗೆ ಸರತಿಯಲ್ಲಿ ನಿಲ್ಲುವ ಪ್ರಸಂಗವಿರಲಿಲ್ಲ. ಇಂದಿನ ರೋಗಿ ಎಲ್ಲವನ್ನೂ ಬಲ್ಲನು. ತನಗೆ ಗೊತ್ತಿಲ್ಲವೆಂದು ಮನೆಯವರು ನಂಬಿರುವುದರಿಂದ ಯಾರೊಡನೆಯೂ ಆಡಲಾರನು. “ಯಪ್ಪಾ, ಭಾಳ ಬ್ಯಾಸರ ಆಗೇತೇನು? ಜೀವ ಬ್ಯಾಡಾ ಅನಿಸ್ತದೇನು?” ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಯಲ್ಲಿ ಬಿತ್ತಿದಂತಾಗುವುದೆಂಬ ಅಂಜಿಕೆ ಎಲ್ಲರಲ್ಲಿಯೂ ಇದೆ. ಈ ಕ್ಷೇತ್ರದಲ್ಲಿ ನಡೆದ ಅಧ್ಯಯನಗಳು ಅದು ನಿಜವಲ್ಲವೆಂದು ತೋರಿಸಿವೆ: ಕೇಳಿದರೆ ಎದೆಯ ಭಾರ ಇಳಿಯುತ್ತದೆಯೇ ಹೊರತು ಯೋಚನೆ ಹುಟ್ಟುವುದಿಲ್ಲ. ಕೇಳಿದಾಗ ಹೌದೆಂಬ ಉತ್ತರ ಬಂದರೆ ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡಬಾರದು. ಬೆಳಗಾದರೆ ಊರಿನ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರದ ವೈದ್ಯರಿಗೋ ತಿಳಿಸಬೇಕು. ಬೆಳಗಿನವರೆಗೆ ಕಾಯಲಾಗದಿದ್ದರೆ, ನಿಮ್ಹಾನ್ಸಿನ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಎಂಬ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಹಣವಿಲ್ಲದೆ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ರೋಗಿಗೆ ಮಾತ್ರವಲ್ಲ, ಅವರ ಪಕ್ಕದಲ್ಲಿ ಕುಳಿತು ದಿಕ್ಕುತೋಚದಾದ ಮಗನಿಗೂ ಸೊಸೆಗೂ ಆ ಸಂಖ್ಯೆ ಸಲ್ಲುತ್ತದೆ.